ಎಂಟನೇ ನಂಬರಿನ ಬೂಟು

ಏಣಿಯ ನಡುವೆ ಸಿಕ್ಕಿಕೊಂಡಿದ್ದ ಬೂಟನ್ನು ಇಳಿಸಿ ಸೇಫ್ಟಿ ಆಫೀಸರು ಒಳಗೆ ಕೈ ಹಾಕಿದರು. ಯಂತ್ರ ಒರೆಸುವ ಕಾಟನ್ ವೇಸ್ಟು ಒಂದು ಹಿಡಿ ಬಂತು. ಕೆಳಗೆ ಬಿದ್ದಿದ್ದ ಇನ್ನೊಂದರಲ್ಲೂ ಅಷ್ಟೇ. ಎಣ್ಣೆ ಸೋಕದ ಬಿಳಿ ಹತ್ತಿ. ಬೂಟು ಕಾರ್ಖಾನೆಯೇ ಕೊಟ್ಟ ಎಂಟನೇ ನಂಬರಿನದು.

ಬೆಳಗ್ಗೆ ಇದೇ ಏಣಿಯಿಂದ ಕ್ರೇನ್ ನಡೆಸುವ ಹುಡುಗಿ ಬಿದ್ದಿದ್ದಳು. ಇಪ್ಪತ್ತಡಿ. ಆ ಶೆಡ್ಡಿಗೆ ಕೆಲಸಕ್ಕೆ ಬಂದ ಮೊದಲ ಹೆಣ್ಣು. ಬೆನ್ನುಮೂಳೆ ಮುರಿದಿದೆ, ಇನ್ನು ಎದ್ದು ನಡೆಯುವುದು ಅನುಮಾನ ಎಂದು ಆಸ್ಪತ್ರೆಯಿಂದ ಫೋನು ಬಂದಿತ್ತು.

ಅವಳನ್ನು ಕೆಲಸಕ್ಕೆ ತಂದವರೇ ಈ ಆಫೀಸರು. ಗಂಡಸರ ಗೊಣಗಾಟಕ್ಕೆ ಸೊಪ್ಪು ಹಾಕದೆ ಬಾಗಿಲ ಮೇಲೆ 'ಇಲ್ಲಿ ಎಲ್ಲರೂ ಒಂದೇ' ಎಂದು ಬರೆಸಿದ್ದರು. ಅವಳ ಸೀಟಿಗೆ ಗ್ರೀಸು ಬಳಿದ ಇಬ್ಬರನ್ನು ಮನೆಗೆ ಕಳಿಸಿದ್ದರು. ಈಗ ಮೂರನೆಯವನು ಬೇಕಾಗಿತ್ತು.

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೂಟು ಎತ್ತಿ ತೋರಿಸಿದರು. ಬೂಟಿಗೆ ಹತ್ತಿ ತುರುಕಿದರೆ ಕಾಲು ಜಾರದೆ ಇದ್ದೀತೇ ಎಂದು ಗದರಿದರು. ಎಲ್ಲರೂ ನೆಲ ನೋಡಿದರು. ಗೊಣಗಪ್ಪನೆಂದೇ ಹೆಸರಾದ ಮುದಿ ಫಿಟ್ಟರ್ ಮಾತ್ರ ಜೇಬು ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಎಂದುಕೊಂಡರು ಆಫೀಸರು. ಈ ಶೆಡ್ಡು ಹೆಂಗಸರಿಗೆ ಅಂತ ಮಾಡಿದ್ದಲ್ಲ ಎಂದು ಅವಳು ಬಂದ ದಿನವೇ ಹೇಳಿದ್ದವನು ಇವನು.

"ಈ ಹತ್ತಿ ತಂದಿದ್ದು ಯಾರು?"

"ನಾನೇ ಸಾರ್. ದಿನಾ ತರ್ತಿದ್ದೆ."

ಎಷ್ಟು ಧೈರ್ಯ ಇವನಿಗೆ! ದಿನಕ್ಕೆ ಐವತ್ತು ಅರ್ಜಿಗೆ ಷರಾ ಬರೆಯುವ ತಮ್ಮ ಹಸಿರು ಪೆನ್ನು ತೆಗೆದು, ಅಲ್ಲೇ ಸ್ಟೂಲಿನ ಮೇಲೆ ಸಸ್ಪೆನ್ಷನ್ ಆರ್ಡರ್ ಗೀಚಿದರು. ನಿವೃತ್ತಿಗೆ ಆರು ತಿಂಗಳಿದ್ದವನ ಅನ್ನಕ್ಕೆ ಕಲ್ಲು ಬಿತ್ತು. ಪಾಪ ಎನಿಸಲಿಲ್ಲ. ಹೇಳುವುದೇನಾದರೂ ಇದೆಯೇ ಎಂದು ನಿಯಮಕ್ಕಾಗಿ ಕೇಳಿದರು.

"ಮಗೂದು ಪುಟ್ಟ ಪಾದ ಸಾರ್, ನಾಲ್ಕನೇ ನಂಬರು. ಆ ಬೂಟು ಕಾಲಲ್ಲಿ ನಿಲ್ತಾನೇ ಇರಲಿಲ್ಲ. ಹತ್ತಿ ತುರುಕಿಕೊಂಡೇ ಏಣಿ ಹತ್ತೋಳು."

ಜೇಬಿನಿಂದ ಮಡಿಚಿದ ಕಾಗದ ತೆಗೆದು ಆರ್ಡರಿನ ಪಕ್ಕದಲ್ಲಿ ಬಿಡಿಸಿಟ್ಟ. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಅವಳೇ ಅವನ ಕೈಗೆ ಕೊಟ್ಟದ್ದು. ಅಳತೆಯ ಬೂಟು ಕೊಡಿಸಿ ಎಂದು ಅವಳು ಬರೆದ ಮೂರನೆಯ ಅರ್ಜಿ.

ಅದರ ಅಂಚಿನಲ್ಲಿ, ಹಸಿರು ಶಾಯಿಯಲ್ಲಿ, ಆಫೀಸರ ಸಹಿಯ ಮೇಲೆ ಷರಾ ಇತ್ತು: 'ಇಲ್ಲಿ ಎಲ್ಲರೂ ಒಂದೇ. ಹೆಂಗಸರಿಗೆಂದು ಬೇರೆ ಬೂಟು ಇಲ್ಲ.'