ಮಲ್ಲಿಗೆ ಸುತ್ತಿದ ನಕ್ಷತ್ರ

ರಮಾನಾಥರು ವೀಳ್ಯದ ಹರಿವಾಣ ಎತ್ತಿ ಕುಶಾಲಪ್ಪನವರ ಕಡೆಗೆ ಚಾಚಿದ್ದರು. ಹುಡುಗನ ಅಪ್ಪ ಕೊಟ್ಟದ್ದನ್ನು ಹುಡುಗಿಯ ಅಪ್ಪ ಕೈಗೆ ತೆಗೆದುಕೊಂಡರೆ ಮದುವೆ ನಿಶ್ಚಯವಾದಂತೆ. ಆಮೇಲೆ ಯಾರೂ ಮಾತು ಬದಲಿಸುವ ಹಾಗಿಲ್ಲ. ಅಷ್ಟರಲ್ಲಿ ಹುಡುಗನ ಅಮ್ಮ ಸರಸ ಗಂಡನ ಮೊಣಕೈ ಹಿಡಿದರು.

"ಒಂದು ನಿಮಿಷ ನಿಲ್ಲಿ. ಹುಡುಗಿಯ ನಕ್ಷತ್ರ ಆರ್ದ್ರಾ ಅಲ್ವಾ?"

ಹೌದೆಂದರು ಕುಶಾಲಪ್ಪ. ಜಾತಕ ಕೂಡಿಬಂದು ತಿಂಗಳಾಗಿತ್ತು. ಈಗ ಯಾಕೆ ಈ ಪ್ರಶ್ನೆ ಎಂದು ಅವರಿಗೆ ತಿಳಿಯಲಿಲ್ಲ. ಸರಸ ವ್ಯಾನಿಟಿ ಬ್ಯಾಗಿನಿಂದ ಹರಿದ ಕಾಗದವೊಂದನ್ನು ತೆಗೆದರು. ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಮಲ್ಲಿಗೆ ತೆಗೆದುಕೊಂಡಾಗ ಹೂವಿನವ ಬಾಳೆಲೆಯ ಮೇಲೆ ಸುತ್ತಿಕೊಟ್ಟ ಹಳೆಯ ವಾರಪತ್ರಿಕೆಯ ತುಂಡು ಅದು. ಕಾರಿನಲ್ಲಿ ಕೂತು ಓದುತ್ತ ಬಂದವರಿಗೆ ಹುಡುಗಿಯ ಊರು ನಾರಾವಿ ಮುಟ್ಟುವಷ್ಟರಲ್ಲಿ ಮನಸ್ಸು ಕೆಟ್ಟುಹೋಗಿತ್ತು. ಕಾಗದವನ್ನು ಮಗನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಓದು ಎಂದರು.

ಲತೇಶ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಓದಿದ. "ಆರ್ದ್ರಾ ನಕ್ಷತ್ರ ತನ್ನ ಆಯುಸ್ಸಿನ ಕೊನೆಗೆ ಬಂದಿದೆ. ಒಂದು ದಿನ ಅದು ಸಿಡಿಯಲಿದೆ. ಇಂಥ ನಕ್ಷತ್ರ ಭೂಮಿಯ ಹತ್ತಿರ ಸಿಡಿದರೆ ಓಝೋನ್ ಪದರ ಹಾಳಾಗಿ, ನಮ್ಮನ್ನು ಸಾಕುವ ಬಿಸಿಲೇ ನಮಗೆ ವಿಷವಾಗಬಹುದು. ಆದರೆ..."

"ಆದರೆ?" ಎಂದರು ರಮಾನಾಥರು.

"ಆದರೆ ಅಂತ ಉಂಟು. ಮುಂದೆ ಕಾಗದ ಇಲ್ಲ."

ಹುಡುಗಿಯ ಬಗ್ಗೆ ತನಗೆ ಏನೂ ದೂರಿಲ್ಲ, ಚಿನ್ನದಂಥ ಹುಡುಗಿ ಎಂದರು ಸರಸ. ಹಾಗಂತ ಲೋಕಕ್ಕೇ ಗಂಡಾಂತರ ತರುವ ನಕ್ಷತ್ರವನ್ನು ಗೊತ್ತಿದ್ದೂ ಗೊತ್ತಿದ್ದೂ ಮನೆ ತುಂಬಿಸಿಕೊಳ್ಳುವುದು ಹೇಗೆ? ಆರಿದ್ರಾ ಮಳೆ ವರ್ಷವೂ ಸರಿಯಾಗಿಯೇ ಬರ್ತಾ ಉಂಟಲ್ಲ ಸರಸಕ್ಕ, ಎಂದು ಕುಶಾಲಪ್ಪ ಸಮಾಧಾನ ಹೇಳಲು ನೋಡಿದರು. ಜೋಯಿಸರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಕೊನೆಗೆ ಸರಸ, ಮುಂದಿನ ತಿಂಗಳು ನೋಡುವ ಎಂದರು. ಆ 'ನೋಡುವ'ದ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಎತ್ತಿದ ಹರಿವಾಣ ಕೆಳಗೆ ಇಡ್ಲಿಕ್ಕಿಲ್ಲ," ಎಂದರು ರಮಾನಾಥರು. "ಕೈ ನೋಯ್ತಾ ಉಂಟು ಮಾರಾಯ್ತಿ. ಕೊಡ್ಲಾ, ಬೇಡ್ವಾ?"

ಹುಡುಗಿ ವಿಸ್ಮಿತಾ ಒಳಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಓದಿದ ಮೊದಲ ಸಾಲಿಗೇ ಅವಳಿಗೆ ಗುರುತು ಹತ್ತಿತ್ತು. ಅವು ಅವಳದೇ ವಾಕ್ಯಗಳು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಡೈರಿಯಲ್ಲಿ ಬರೆದದ್ದನ್ನು ಪ್ರತಿ ಮಾಡಿ, ಯಾರಿಗೂ ಹೇಳದೆ ಪತ್ರಿಕೆಗೆ ಕಳಿಸಿದ್ದಳು. ಅಚ್ಚಾದ ಮೇಲೂ ಹೇಳಲಿಲ್ಲ. ಬರೆದವಳ ಹೆಸರು ಲೇಖನದ ಕೆಳಗಿತ್ತು. ಆ ಅರ್ಧ ಇವತ್ತು ಇನ್ಯಾರದೋ ಮಲ್ಲಿಗೆಯ ಜೊತೆ ಹೋಗಿರಬೇಕು. ಮೂರು ವರ್ಷದ ಕಾಲೇಜಿನಲ್ಲಿ, ಉತ್ತರ ಗೊತ್ತಿದ್ದರೂ, ಒಮ್ಮೆಯೂ ಎದ್ದು ನಿಂತವಳಲ್ಲ ಅವಳು. ನೋಡಲು ಬಂದ ದಿನ ಹತ್ತು ನಿಮಿಷ ಇಬ್ಬರೂ ಸುಮ್ಮನೆ ಕೂತಿದ್ದಾಗ ಲತೇಶ್, "ನಂಗೂ ಮಾತಾಡ್ಲಿಕ್ಕೆ ಬರುವುದಿಲ್ಲ, ತೊಂದರೆ ಇಲ್ಲ," ಎಂದಿದ್ದ. ಆ ದಿನದ ಡೈರಿಯಲ್ಲಿ ಅದೊಂದೇ ಸಾಲು ಇದೆ. ಈಗ ಅವನು ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಮುಂದಿನ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದ.

ವಿಸ್ಮಿತಾ ಹೊಸ್ತಿಲು ದಾಟಿದಳು.

"ಆದರೆ, ಆರ್ದ್ರಾ ಹತ್ತಿರ ಇಲ್ಲ ಅತ್ತೆ."

'ಅತ್ತೆ' ಎಂಬುದು ಬಾಯಿ ತಪ್ಪಿ ಬಂದ ಮಾತು. ವೀಳ್ಯ ಇನ್ನೂ ಬದಲಾಗಿರಲಿಲ್ಲ. ಯಾರೋ ಕಿಸಕ್ಕೆಂದರು. ಅವಳು ನೆಲ ನೋಡುತ್ತಲೇ ಮುಂದುವರಿಸಿದಳು. "ಅದನ್ನು ಬರೆದದ್ದು ನಾನು. ಉಳಿದದ್ದು ನಂಗೆ ಬಾಯಿಪಾಠ ಉಂಟು."

ಮತ್ತೆ ಅವಳು ಹೇಳಿದಳು. ಅಪಾಯ ಇರುವುದು ಐವತ್ತು ಬೆಳಕಿನ ವರ್ಷದ ಒಳಗೆ ಸಿಡಿದರೆ. ಈ ಆರ್ದ್ರಾ ಇರುವುದು ಅದರ ಹತ್ತು ಪಟ್ಟಿಗಿಂತಲೂ ದೂರ. ಆ ಹೊರಗಿನ ಗೇಟಿನವರೆಗೆ ಅಪಾಯ ಎಂದಿಟ್ಟುಕೊಂಡರೆ, ಇದು ನಾರಾವಿ ಪೇಟೆಯಿಂದಲೂ ಆಚೆ. ಅಲ್ಲಿ ಗರ್ನಾಲು ಪಟಾಕಿ ಹೊಡೆದರೆ ಇಲ್ಲಿ ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳಕ್ಕೆ ಬಿಸಿ ತಾಗುತ್ತದೆಯೇ? ಸಿಡಿದ ದಿನ ಬರೀ ಬೆಳಕು ಬರುತ್ತದೆ. ಅರ್ಧ ಚಂದ್ರನಷ್ಟು ಬೆಳಕು, ಒಂದು ಚುಕ್ಕಿಯೊಳಗೆ.

ಇಷ್ಟು ಹೇಳುವಾಗ ಅವಳ ತಲೆ ತನ್ನಷ್ಟಕ್ಕೆ ಮೇಲೆ ಬಂದಿತ್ತು. ಕುಶಾಲಪ್ಪ ಬೇರೆ ಯಾರದೋ ಮಗಳನ್ನು ನೋಡುವಂತೆ ಅವಳನ್ನೇ ನೋಡುತ್ತಿದ್ದರು. ಲತೇಶ್ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಹಗಲಿಗೂ ಕಾಣ್ತದಾ ಮಗಾ?" ಸರಸ ಕೇಳಿದರು.

"ಕಾಣ್ತದೆ. ವಾರಗಟ್ಟಲೆ ಕಾಣ್ತದೆ."

"ಯಾವಾಗ ಸಿಡಿಯುವುದು?"

"ಅದು ಯಾರಿಗೂ ಗೊತ್ತಿಲ್ಲ. ಲಕ್ಷ ವರ್ಷ ಬಿಟ್ಟೂ ಆಗಬಹುದು, ನಾಳೆಯೂ ಆಗಬಹುದು."

ಸರಸ ಗಂಡನ ಮೊಣಕೈ ಬಿಟ್ಟರು.

"ಕೊಡಿ, ಬೇಗ ಕೊಡಿ," ಎಂದರು. "ನಾಳೆಯೇ ಸಿಡಿದ್ರೆ ನಮ್ಮ ಅಂಗಳದಲ್ಲಿ ನಿಂತು ತೋರಿಸ್ಲಿಕ್ಕೆ ಇವಳು ಬೇಡ್ವಾ?"