ಅಯ್ಯಪ್ಪನ ರಿಪೇರಿ

ಪಿಕಪ್ಪಿನ ಕೆಳಗಿನಿಂದ ಅಯ್ಯಪ್ಪನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಬಾಯಿ ಮಾತ್ರ ಅರ್ಧ ನವಲಿ ಊರಿಗೇ ಕೇಳುತ್ತಿತ್ತು.

"ಮಾವಾ, ನಿನಗ ಎತ್ತಿನ ಬಂಡಿನ ಸರಿ. ಗಾಡಿ ಇಟ್ಕೊಳ್ಳಾಕ ತಲಿ ಬೇಕು."

ವಿರುಪಣ್ಣ ಟಾರ್ಚ್ ಹಿಡಿದು ನಿಂತಿದ್ದ. ಗಾಡಿ ಅವನದು, ಟಾರ್ಚ್ ಅವನದು, ಬೈಗುಳವೂ ಅವನ ಪಾಲಿನದೇ. ಹೆಂಡತಿಯ ತಮ್ಮ ಎಂಬ ಪ್ರಾಣಿಗೆ ಎದುರು ಮಾತಾಡಿ ಸುಖವಾಗಿ ಉಂಡವರು ಯಾರಿದ್ದಾರೆ?

ಕೆಟ್ಟದ್ದು ಆಕ್ಸಿಜನ್ ಸೆನ್ಸರ್. ಸೈಲೆನ್ಸರ್ ಪೈಪಿನಲ್ಲಿ ಕೂತು, ಹೊಗೆ ನೋಡಿ, ಎಷ್ಟು ಪೆಟ್ರೋಲ್ ಬೇಕೆಂದು ಎಂಜಿನ್ನಿಗೆ ತಿಳಿಸುವ ಬೆರಳುದ್ದದ ಸಾಮಾನು. ಅದು ಕೈಕೊಟ್ಟರೆ ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ, ಗಾಡಿ ಏದುಸಿರು ಬಿಡುತ್ತದೆ. ಅಯ್ಯಪ್ಪ ಮೊನ್ನೆ ಶ್ರೀರಾಮನಗರದಿಂದ ಬಂದಿಳಿದು, ಸುಗ್ಗಿ ಮುಗಿಯುವವರೆಗೆ ಪಿಕಪ್ ತನಗೇ ಬೇಕು, ಗಂಗಾವತಿಯ ಮಿಲ್ಲುಗಳಿಗೆ ಭತ್ತ ಸಾಗಿಸುತ್ತೇನೆ ಎಂದಿದ್ದ. ಮರುದಿನ ಬೆಳಿಗ್ಗೆಯಿಂದ ಆ ದೀಪ ಆರಿರಲಿಲ್ಲ.

ಬೇಕು ಎಂದನೇ ಹೊರತು ಕೊಡುತ್ತೀಯಾ ಎಂದು ಕೇಳಿರಲಿಲ್ಲ. ವಿರುಪಣ್ಣನ ಮನೆಯ ಒಲೆ ಉರಿಯುವುದೇ ಆ ಗಾಡಿಯ ಬಾಡಿಗೆಯಿಂದ. ಹೋದ ವರ್ಷ ಅಯ್ಯಪ್ಪ ಒಯ್ದ ಬೈಕು ಇನ್ನೂ ಬಂದಿಲ್ಲ. ಅದರ ಸುದ್ದಿಯೂ ಬಂದಿಲ್ಲ. ಆದರೂ ಇಲ್ಲ ಎನ್ನಲು ಧೈರ್ಯ ಬೇಕಲ್ಲ. ಹೆಂಡತಿ ಮುದಕಮ್ಮನಿಗೆ ತಮ್ಮನೆಂದರೆ ಜೀವ. ಬೆಳಿಗ್ಗೆಯಿಂದ ಚಹಾದ ಮೇಲೆ ಚಹಾ ತಂದುಕೊಟ್ಟು, "ಪಾಪ, ನಮ್ಮ ಅಯ್ಯಪ್ಪ ಎಷ್ಟ್ ದುಡಿಯಾಕತ್ಯಾನ ನೋಡ್ರಿ" ಎನ್ನುತ್ತಿದ್ದಳು. ಹೆಂಡತಿಯೊಂದಿಗೆ ಜಗಳವಾಡುವುದಕ್ಕಿಂತ ಕಳ್ಳತನ ವಾಸಿ ಎಂದು ವಿರುಪಣ್ಣ ಅಯ್ಯಪ್ಪ ಬಂದ ರಾತ್ರಿಯೇ ಸೆನ್ಸರಿನ ವೈರನ್ನು ತಾನೇ ಕಿತ್ತು, ಕಾಣದ ಹಾಗೆ ಮಣ್ಣು ಮೆತ್ತಿಟ್ಟಿದ್ದ.

ಅಯ್ಯಪ್ಪನದು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತ ವಿದ್ಯೆ. ಏರ್ ಫಿಲ್ಟರ್ ಊದಿದ. ಭತ್ತದ ಹೊಟ್ಟಿನ ಧೂಳು ಅವನ ಮುಖಕ್ಕೇ ಹಾರಿತು. ಪೈಪಿನ ಜಾಯಿಂಟಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಹುಡುಕಿದ. ಪೆಟ್ರೋಲ್ ಮೂಸಿದ. ಮೆಕ್ಯಾನಿಕ್ ತಾಹೇರನನ್ನು ಕರೆಸೋಣವೇ ಎಂದು ವಿರುಪಣ್ಣ ನೆಪಕ್ಕೆ ಕೇಳಿದರೆ, "ಅವಗೇನ್ ಗೊತ್ತೈತಿ, ಮಣ್ಣು" ಎಂದ. ಗಾಡಿ ಎಂಬುದನ್ನು ಲೋಕಕ್ಕೆ ಇವನೇ ತಂದವನ ಹಾಗೆ.

"ಸಿಕ್ತು ನೋಡು."

ವಿರುಪಣ್ಣ ಟಾರ್ಚಿನ ಬೆಳಕನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸಿದ.

"ವೈರ್ ಬಿಚ್ಚೇತಿ. ಇಷ್ಟೂ ಕಾಣಂಗಿಲ್ಲೇನ್ ನಿನಗ?"

ಅಯ್ಯಪ್ಪ ಮಣ್ಣು ಒರೆಸಿ, ವೈರು ಕೂಡಿಸಿ, ಹೊರಗೆ ಬಂದು ಚಾವಿ ತಿರುವಿದ. ವಿರುಪಣ್ಣ ಕಣ್ಣು ಮುಚ್ಚಿಕೊಂಡ. ಗಾಡಿ ಹೋಯಿತು, ಇನ್ನು ಕೂಲಿಯೇ ಗತಿ ಎಂದುಕೊಂಡ.

ಎಂಜಿನ್ ಶುರುವಾಯಿತು. ಹಳದಿ ದೀಪ ಹಾಗೇ ಇತ್ತು.

ಅಯ್ಯಪ್ಪ ಗಾಡಿಗೆ ಫೋನು ಜೋಡಿಸಿ, ಅದರಲ್ಲಿ ದಾಖಲಾಗಿದ್ದ ದೋಷ ಅಳಿಸಿದ. ದೀಪ ಆರಿ, ಮತ್ತೆ ಹತ್ತಿತು. ಸಿಟ್ಟಿಗೆದ್ದು ಗಂಗಾವತಿಗೆ ಹೋಗಿ ಹೊಸ ಸೆನ್ಸರನ್ನೇ ತಂದ, ವಿರುಪಣ್ಣನ ಲೆಕ್ಕದಲ್ಲಿ. ಹಾಕಿದ. ದೀಪ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಇಂಥ ಗುಜರಿ ನನಗ್ಯಾಕ ಬೇಕು? ನೀನ ಇಟ್ಕೊ. ನಿನಗ ತಕ್ಕ ಗಾಡಿ ಐತಿ."

ಸ್ಪ್ಯಾನರ್ ಬಿಸಾಕಿ, ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಸಂಜೆಯ ಬಸ್ಸು ಹತ್ತಿದ. ಮುದಕಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು.

ವಿರುಪಣ್ಣನಿಗೆ ಮೊದಲು ಖುಷಿಯಾಯಿತು, ಆಮೇಲೆ ಲೆಕ್ಕ ಹಾಕಿದ. ತಾನು ಕಿತ್ತ ವೈರು ಕೂಡಿದೆ. ಸೆನ್ಸರ್ ಹೊಸದು. ಹಾಗಾದರೆ ಗಾಡಿ ನಿಜವಾಗಿಯೂ ಕೆಟ್ಟಿದೆ. ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಕ್ಕರಿಸಿದ.

ಬಸ್ಸು ಮರೆಯಾಗುವವರೆಗೆ ಕಾದು ಮುದಕಮ್ಮ ಗಾಡಿಯ ಹತ್ತಿರ ಬಂದಳು. ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚಿ, ಸೆರಗಿನ ತುದಿಯ ಗಂಟಿನಿಂದ ಸೆನ್ಸರಿಗೆ ಕರೆಂಟು ಕೊಡುವ, ಉಗುರಿನಷ್ಟು ಪುಟ್ಟ ಫ್ಯೂಸ್ ತೆಗೆದು, ಅದರ ಜಾಗದಲ್ಲಿ ಒತ್ತಿ ಕೂಡಿಸಿದಳು.

"ನೀವು ಕಿತ್ತಿದ್ದು ಅವಗ ಸಿಗ್ತೈತಿ ಅಂತ ನನಗ ಮೊದಲ ಗೊತ್ತಿತ್ತ್ರಿ."