ಕತ್ತಿ ಕೈಲಿದ್ದಾಗ

"ಹೆದರಿಕೆ ಆಗ್ತಿಲ್ಲ ತಾನೇ ಪುಟ್ಟಿ?" ಎಂದು ಟೆಕ್ನಿಷಿಯನ್ ಮೈಕಿನಲ್ಲಿ ಕೇಳಿದ್ದೇ ತಡ, ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದ್ದ ಏಳು ವರ್ಷದ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಮೂರನೆಯ ಸಲವೂ ಮಿದುಳಿನ ಚಿತ್ರ ಕಲಸುಮೇಲೋಗರವಾಯಿತು. ಬಲಗಡೆ ಮತ್ತೆ ಅದೇ ಮಬ್ಬು ಮಚ್ಚೆ.

"ಇದು ನಿಜವಾದ ಮಚ್ಚೆಯೋ, ತಲೆ ಅಲ್ಲಾಡಿದ್ದಕ್ಕೆ ಮೂಡಿದ ನೆರಳೋ ಹೇಳೋಕಾಗಲ್ಲ ಅಜ್ಜ. ಇನ್ನೊಂದು ಸಲ ಹೀಗಾದ್ರೆ ಮತ್ತು ಬರಿಸೋ ಔಷಧಿ ಕೊಡಬೇಕಾಗುತ್ತೆ," ಎಂದಳು ಟೆಕ್ನಿಷಿಯನ್. ಅವಳ ಪಕ್ಕದಲ್ಲೇ ನಿಂತಿದ್ದ, ಹುಡುಗಿಯ ಅಜ್ಜ ನಲವತ್ತು ವರ್ಷ ಕಟಿಂಗ್ ಅಂಗಡಿ ನಡೆಸಿದವರು. ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳ್ಕೋಬೇಡಿ ತಾಯಿ. ಅವಳದೇನೂ ತಪ್ಪಿಲ್ಲ, ಅವಳ ತಲೆ ಆಡಿಸ್ತಿರೋದು ನೀವೇ. ಕತ್ತಿ ಕೈಲಿದ್ದಾಗ ಗಿರಾಕೀನ ಪ್ರಶ್ನೆ ಕೇಳಬಾರದು. ಕೇಳಿದ್ರೆ ತಲೆ ಆಡಿಸ್ತಾರೆ, ಕಿವಿ ಕುಯ್ದುಹೋಗುತ್ತೆ. ಕಥೆ ಹೇಳ್ಬೇಕು."

ಆಕೆಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಮೈಕನ್ನು ಅವರತ್ತ ತಿರುಗಿಸಿದಳು. ಯಂತ್ರ ಧಡಧಡ ಬಡಿಯುತ್ತಿದ್ದ ಆರು ನಿಮಿಷವೂ ಅಜ್ಜ ಒಂದೇ ಒಂದು ಪ್ರಶ್ನೆ ಕೇಳದೆ, ದಿನಾ ಕಟಿಂಗಿಗೆ ಬರುತ್ತಿದ್ದ ಬೋಳುತಲೆಯವನ ಕಥೆಯನ್ನು ಎಳೆಎಳೆಯಾಗಿ ಬಿಡಿಸಿದರು. ನಗು ಬರುವ ಜಾಗವನ್ನು ಮಾತ್ರ ಕೊನೆಗೆ ಇಟ್ಟುಕೊಂಡರು. ಹುಡುಗಿ ಕಲ್ಲಿನಂತೆ ಮಲಗಿದ್ದಳು.

ಪರದೆಯ ಮೇಲೆ ಮಿದುಳು ಗೆರೆಗೆರೆಯೂ ಸ್ಪಷ್ಟವಾಗಿ ಮೂಡಿತು. ಈಗ ಅಜ್ಜನ ದನಿಯೇ ಸಣ್ಣಗಾಯಿತು. "ತಾಯಿ, ಆ ಮಚ್ಚೆ ಇದೆಯಾ?" ವರದಿ ಏನಿದ್ದರೂ ಡಾಕ್ಟರ ಬಾಯಿಂದಲೇ ಬರಬೇಕು, ಟೆಕ್ನಿಷಿಯನ್ ಬಾಯಿ ಬಿಡುವಂತಿಲ್ಲ. ಆಕೆ ಬಾಯಿ ಬಿಡಲಿಲ್ಲ. ಅಜ್ಜನ ಕಣ್ಣನ್ನೇ ನೋಡುತ್ತಾ, ಇಲ್ಲವೆಂದು ನಿಧಾನವಾಗಿ ತಲೆಯಾಡಿಸಿದಳು.